ಜೈಲಿನ ಗೇಟು, ಎಮರ್ಜೆನ್ಸಿಯ ಬಾಗಿಲು

ಅಮೆರಿಕದ ಯಾವುದೇ ದೊಡ್ಡ ಊರಿನ ಸಾರ್ವಜನಿಕ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ಶನಿವಾರ ರಾತ್ರಿ ಒಂದೆರಡು ತಾಸು ನಿಂತರೆ ಈ ದೃಶ್ಯ ಕಣ್ಣಿಗೆ ಬೀಳದೆ ಇರುವುದಿಲ್ಲ. ಇಬ್ಬರು ಪೊಲೀಸರು ಒಬ್ಬನನ್ನು ನಡೆಸಿಕೊಂಡು ಬರುತ್ತಾರೆ. ಅವನ ಹುಬ್ಬಿನ ಮೇಲೆ ರಕ್ತ ಹೆಪ್ಪುಗಟ್ಟಿದೆ, ಮಾತು ತೊದಲುತ್ತಿದೆ. ಮಂಚದ ಮೇಲೆ ಕೂರಿಸಿ, ಬಲಗೈಯನ್ನು ಮಂಚದ ಕಂಬಿಗೆ ಸೇರಿಸಿ ಬೇಡಿ ಹಾಕುತ್ತಾರೆ. ನರ್ಸ್ ಬಂದು ಎಡಗೈಗೆ ಬಿಪಿ ಪಟ್ಟಿ ಸುತ್ತುತ್ತಾರೆ. ಪರದೆ ಎಳೆದದ್ದಾಯಿತು, ಆದರೆ ಅದರ ಕೆಳಗೆ ಪೊಲೀಸರ ಬೂಟುಗಳು ಕಾಣುತ್ತಲೇ ಇವೆ. ‘ಇವತ್ತು ಡ್ರಗ್ಸ್ ಏನಾದರೂ ತಗೊಂಡಿದ್ದೀರಾ?’ ಎಂದು ಡಾಕ್ಟರು ಕೇಳುತ್ತಾರೆ. ಅವನು ಬೂಟುಗಳ ಕಡೆ ನೋಡಿ ‘ಇಲ್ಲ’ ಅನ್ನುತ್ತಾನೆ.

ಪೊಲೀಸರಿಗೆ ಬೇಕಾಗಿರುವುದು ಔಷಧವಲ್ಲ, ಒಂದು ಸಹಿ. ಬಂಧಿಸಿ ತಂದವನನ್ನು ಜೈಲಿನ ನರ್ಸ್ ನೋಡಿ, ತಲೆಗೆ ಪೆಟ್ಟಾಗಿದೆ ಅಥವಾ ಅಮಲು ಜಾಸ್ತಿಯಾಗಿದೆ ಅನ್ನಿಸಿದರೆ ಒಳಗೆ ಸೇರಿಸಿಕೊಳ್ಳುವುದಿಲ್ಲ. ‘ಆಸ್ಪತ್ರೆಗೆ ತೋರಿಸಿಕೊಂಡು ಬನ್ನಿ’ ಎಂದು ವಾಪಸ್ ಕಳಿಸುತ್ತಾರೆ. ಇದಕ್ಕೆ ಅಲ್ಲಿ ಮೆಡಿಕಲ್ ಕ್ಲಿಯರೆನ್ಸ್ ಅನ್ನುತ್ತಾರೆ. ಈತ ರಾತ್ರಿ ಲಾಕಪ್ಪಿನಲ್ಲಿ ಸತ್ತರೆ ಮೊಕದ್ದಮೆ ಜೈಲು ನಡೆಸುವ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲಾಡಳಿತದ, ತಲೆಗೆ ಬರುತ್ತದೆ, ಅದಕ್ಕೇ ಈ ಎಚ್ಚರ. ನಮ್ಮಲ್ಲೂ ಇಂಥ ಕಾಗದವಿದೆ. ಬಂಧಿತರನ್ನು ವೈದ್ಯರು ಪರೀಕ್ಷಿಸಬೇಕು ಎನ್ನುವುದು ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಮು. ಕಸ್ಟಡಿಯಲ್ಲಿರುವವರಿಗೆ 48 ಗಂಟೆಗೊಮ್ಮೆ ತಪಾಸಣೆ ಆಗಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೇಡಿಯ ವಿಷಯದಲ್ಲಂತೂ ನಮ್ಮ ಕೋರ್ಟು 1980ರಲ್ಲೇ, ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ, ಕಂಡಕಂಡವರಿಗೆಲ್ಲ ತೊಡಿಸುವ ಹಾಗಿಲ್ಲ ಎಂದಿತ್ತು. ಅದು ಎಷ್ಟರಮಟ್ಟಿಗೆ ಪಾಲನೆಯಾಗುತ್ತಿದೆ ಎನ್ನುವುದು ಸರ್ಕಾರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಓಡಾಡಿದವರಿಗೆ ಗೊತ್ತು.

ಇನ್ನು ಆ ಮಂಚದ ಮೇಲಿನವನ ಹೆಸರು ಆಸ್ಪತ್ರೆಯ ಕಂಪ್ಯೂಟರಿಗೆ ಏರುತ್ತದೆ: ಎಮರ್ಜೆನ್ಸಿ ಭೇಟಿ, ಒಂದು. ಮುಂದೆ ಯಾರಾದರೂ ಕೂತು ‘ಈ ಊರಿನಲ್ಲಿ ಎಮರ್ಜೆನ್ಸಿಗೆ ಪದೇಪದೇ ಬರುವವರು ಯಾರು?’ ಎಂದು ಲೆಕ್ಕ ತೆಗೆದಾಗ ಇವನೂ ಅದರಲ್ಲಿರುತ್ತಾನೆ. ಆದರೆ ಈ ಭೇಟಿಯನ್ನು ಮಾಡಿದ್ದು ಯಾರು? ಅವನಂತೂ ಅಲ್ಲ. ಈ ಅಧ್ಯಾಯದ ಉದ್ದಕ್ಕೂ ಈ ಪ್ರಶ್ನೆ ನಮ್ಮ ಜೊತೆಗಿರಲಿ. ಆಸ್ಪತ್ರೆಯ ಲೆಕ್ಕದಲ್ಲಿ ಭೇಟಿಯೆಲ್ಲ ರೋಗಿಯ ಹೆಸರಿನಲ್ಲೇ ಬೀಳುತ್ತದೆ. ಅದನ್ನು ಹುಟ್ಟಿಸಿದ ಕೈ ಬಹಳ ಸಲ ಬೇರೆಯವರದ್ದು.

ಲೆಕ್ಕಕ್ಕೇ ಬರೋಣ. ಅಮೆರಿಕದ ಸರ್ಕಾರ ಪ್ರತಿವರ್ಷ ಮಾದಕ ವಸ್ತುಗಳ ಬಳಕೆ ಮತ್ತು ಆರೋಗ್ಯದ ಬಗ್ಗೆ ಮನೆಮನೆ ಸಮೀಕ್ಷೆ ಮಾಡಿಸುತ್ತದೆ. ಜೋಸೆಫ್ ಫ್ರಾಂಕ್ ಮತ್ತು ಸಂಗಡಿಗರು 2008ರಿಂದ 2011ರವರೆಗಿನ ಸಮೀಕ್ಷೆಯ ಮಾಹಿತಿಯನ್ನು ಜಾಲಾಡಿ 2014ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹಿಂದಿನ ಒಂದು ವರ್ಷದಲ್ಲಿ ಬಂಧನಕ್ಕೊಳಗಾದವರು, ಪ್ರೊಬೇಷನ್ (ಜೈಲಿನ ಬದಲು ನಿಗಾ) ಮೇಲಿದ್ದವರು, ಪೆರೋಲ್ (ಅವಧಿಗೆ ಮುಂಚಿನ ಬಿಡುಗಡೆಯ ನಂತರದ ನಿಗಾ) ಮೇಲಿದ್ದವರು ಎಲ್ಲ ಸೇರಿ ವಯಸ್ಕರಲ್ಲಿ ಶೇ. 4.2ರಷ್ಟು. ದೇಶದ ಆಸ್ಪತ್ರೆ ವೆಚ್ಚದಲ್ಲಿ ಇವರ ಪಾಲು ಶೇ. 7.2, ಎಮರ್ಜೆನ್ಸಿ ವೆಚ್ಚದಲ್ಲಿ ಶೇ. 8.5. ಅಂದರೆ ಜನಸಂಖ್ಯೆಯಲ್ಲಿರುವ ಪಾಲಿನ ಎರಡರಷ್ಟು.

ಈ ಅಂಕಿಯನ್ನೂ ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಸಮೀಕ್ಷೆಯವರು ಮನೆಬಾಗಿಲು ತಟ್ಟುತ್ತಾರೆ. ಆ ಹೊತ್ತಿಗೆ ಜೈಲಿನೊಳಗಿರುವವರು ಸಿಗುವುದಿಲ್ಲ, ಆಶ್ರಯಧಾಮವೂ ಇಲ್ಲದೆ ಬೀದಿಯಲ್ಲಿ ಮಲಗುವವರಂತೂ ಲೆಕ್ಕಕ್ಕೇ ಇಲ್ಲ. ಜೈಲು ಮತ್ತು ಬೀದಿಯ ನಡುವೆ ಓಡಾಡುವವರನ್ನೇ ಕೈಬಿಟ್ಟ ಮೇಲೂ ಇಷ್ಟು ವ್ಯತ್ಯಾಸ ಕಾಣುತ್ತಿದೆ ಎಂದರೆ ನಿಜವಾದ ಅಂತರ ಇದಕ್ಕಿಂತ ದೊಡ್ಡದೇ ಇರಬೇಕು.

ಆಸ್ಪತ್ರೆಯ ದಾಖಲೆಯಿಂದ ನೇರವಾಗಿ ಎಣಿಸಬಹುದಲ್ಲ ಅನ್ನಿಸಬಹುದು. ಕಾಯಿಲೆಗಳಿಗೆ ಅಂಕಿ ಕೊಡುವ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಸೆರೆವಾಸಕ್ಕೊಂದು, ಬಿಡುಗಡೆಯ ನಂತರದ ಸಮಸ್ಯೆಗಳಿಗೊಂದು ಸಂಕೇತಗಳಿವೆ: ಝಡ್65.1 ಮತ್ತು ಝಡ್65.2. ಆದರೆ ಕೆಲಸದ ಒತ್ತಡದಲ್ಲಿ ಅವನ್ನು ತುಂಬುವವರು ವಿರಳ. ತುಂಬಿದರೆ ಮುಂದಿನ ಡಾಕ್ಟರು ಆ ರೋಗಿಯನ್ನು ನೋಡುವ ನೋಟವೇ ಬದಲಾಗುತ್ತದೆ ಎಂಬ ಅಂಜಿಕೆಯೂ ಇದೆ, ಅದು ಸುಳ್ಳಲ್ಲ. ಹಾಗಾಗಿ ಸಂಶೋಧಕರಿಗೆ ಉಳಿದಿರುವ ದಾರಿ ಒಂದೇ. ಸೆರೆಮನೆಯ ಬಿಡುಗಡೆ ಪಟ್ಟಿಯನ್ನೂ ಆಸ್ಪತ್ರೆಯ ಅಥವಾ ಮರಣ ನೋಂದಣಿಯ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ದಿನ ತಾಳೆ ಹಾಕಬೇಕು.

ಇಂಗ್ರಿಡ್ ಬಿನ್ಸ್‌ವಾಂಗರ್ ಎಂಬ ವೈದ್ಯೆ ವಾಷಿಂಗ್ಟನ್ ರಾಜ್ಯದಲ್ಲಿ ಮಾಡಿದ್ದು ಇದನ್ನೇ. 1999ರ ಜುಲೈನಿಂದ 2003ರ ಡಿಸೆಂಬರ್‌ವರೆಗೆ ಆ ರಾಜ್ಯದ ಸೆರೆಮನೆಗಳಿಂದ ಬಿಡುಗಡೆಯಾದ 30,237 ಮಂದಿಯ ಹೆಸರುಗಳನ್ನು ಸಾವಿನ ದಾಖಲೆಯೊಂದಿಗೆ ಹೋಲಿಸಿದರು. ಅವರನ್ನು ಹಿಂಬಾಲಿಸಿದ ಸರಾಸರಿ 1.9 ವರ್ಷಗಳಲ್ಲಿ 443 ಮಂದಿ ತೀರಿಕೊಂಡಿದ್ದರು. ಅದೇ ವಯಸ್ಸು, ಲಿಂಗ, ಜನಾಂಗದ ಇತರ ನಿವಾಸಿಗಳಿಗಿಂತ ಇದು 3.5 ಪಟ್ಟು ಜಾಸ್ತಿ. ಅಷ್ಟೇ ಆಗಿದ್ದರೆ ಬಡತನ, ಕುಡಿತ, ಹಳೆಯ ಕಾಯಿಲೆ ಎಂದು ಹೇಳಿ ಪುಟ ತಿರುಗಿಸಬಹುದಿತ್ತು. 2007ರಲ್ಲಿ ಪ್ರಕಟವಾದ ಆ ಪ್ರಬಂಧವನ್ನು ಎಲ್ಲರೂ ನೆನಪಿಡುವಂತೆ ಮಾಡಿದ್ದು ದಿನಗಳ ವಿಂಗಡಣೆ. ಬಿಡುಗಡೆಯಾದ ಮೊದಲ ಎರಡು ವಾರದಲ್ಲಿ ಸಾವಿನ ಅಪಾಯ 12.7 ಪಟ್ಟು. ಮಾದಕ ವಸ್ತುವಿನ ಅತಿಸೇವನೆಯಿಂದ ಸಾಯುವ ಅಪಾಯವೊಂದನ್ನೇ ತೆಗೆದುಕೊಂಡರೆ, ಆ ಎರಡು ವಾರದಲ್ಲಿ 129 ಪಟ್ಟು.

ಬಡತನವಾಗಲಿ, ಹಳೆಯ ರೋಗವಾಗಲಿ ಹದಿನೈದನೆಯ ದಿನಕ್ಕೆ ಮಾಯವಾಗುವಂಥವಲ್ಲ. ಅಪಾಯ ಹೀಗೆ ಮೊದಲ ಕೆಲವೇ ದಿನಗಳಲ್ಲಿ ಗುಡ್ಡೆಯಾಗಿದೆ ಎಂದರೆ ಕಾರಣವೂ ಆ ದಿನಗಳಲ್ಲೇ ಇದೆ, ಗೇಟಿನ ಆಸುಪಾಸಿನಲ್ಲೇ ಇದೆ.

ಒಂದು ಕಾರಣ ಮಿದುಳಿನ ಬುಡದಲ್ಲಿದೆ. ಹೆರಾಯಿನ್, ಫೆಂಟನಿಲ್, ಮಾರ್ಫಿನ್ ಇವೆಲ್ಲ ಓಪಿಯಾಯ್ಡ್ ಗುಂಪಿನವು. ನರಕೋಶಗಳ ಮೇಲಿರುವ ‘ಮ್ಯೂ’ ಎಂಬ ಗ್ರಾಹಕಗಳಿಗೆ ಇವು ಅಂಟಿಕೊಳ್ಳುತ್ತವೆ. ನೋವು ತಗ್ಗಿಸುವ, ಸುಖ ಕೊಡುವ ನರಜಾಲದಲ್ಲಿ ಈ ಗ್ರಾಹಕಗಳು ಇರುವಂತೆಯೇ, ಉಸಿರಾಟದ ತಾಳ ಹಿಡಿಯುವ ಮಿದುಳುಕಾಂಡದ ಕೋಶಗಳಲ್ಲೂ ಇವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ‘ಉಸಿರೆಳೆ’ ಎಂದು ಆಜ್ಞೆ ಕೊಡಬೇಕಾದ ಆ ಕೋಶಗಳು ಓಪಿಯಾಯ್ಡ್ ತಾಗಿದಾಗ ಮಂಕಾಗುತ್ತವೆ. ದಿನವೂ ಸೇವಿಸುವವರಲ್ಲಿ ದೇಹ ಇದಕ್ಕೆ ಪ್ರತಿತಂತ್ರ ಹೂಡುತ್ತದೆ. ಗ್ರಾಹಕಗಳು ಸಂವೇದನೆ ಕಳೆದುಕೊಳ್ಳುತ್ತವೆ, ಕೆಲವು ಕೋಶದೊಳಕ್ಕೆ ಸರಿದುಬಿಡುತ್ತವೆ. ಮೊದಲು ಸಿಗುತ್ತಿದ್ದ ಅಮಲು ಸಿಗಬೇಕಾದರೆ ಡೋಸ್ ಏರಿಸಬೇಕು. ಹೊಸಬರ ಉಸಿರನ್ನೇ ನಿಲ್ಲಿಸಬಲ್ಲ ಪ್ರಮಾಣವನ್ನು ಹಳೆಯ ವ್ಯಸನಿ ತೆಗೆದುಕೊಂಡು ಎದ್ದು ಓಡಾಡುತ್ತಾನೆ.

ಈಗ ಅವನನ್ನು ಜೈಲಿಗೆ ಹಾಕಿ. ಮೊದಲ ವಾರ ವಾಂತಿ, ಭೇದಿ, ಮೈಕೈ ಸೆಳೆತ, ನಿದ್ದೆಯಿಲ್ಲದ ರಾತ್ರಿಗಳು. ಆಮೇಲೆ ದೇಹ ಸುಧಾರಿಸುತ್ತದೆ. ಗ್ರಾಹಕಗಳು ವಾರಗಳಲ್ಲಿ ಮತ್ತೆ ಚುರುಕಾಗುತ್ತವೆ. ಆದರೆ ನೆನಪು ಬೇರೆ ಜಾಗದಲ್ಲಿದೆ. ಹಳೆಯ ಗೆಳೆಯರು, ಹಳೆಯ ಮೂಲೆ ಕಂಡ ಕೂಡಲೇ ಏಳುವ ಆಸೆಗೆ ಈ ಚೇತರಿಕೆ ತಟ್ಟುವುದೇ ಇಲ್ಲ. ಹೊರಬಂದವನು ಹಳೆಯ ಆಸೆಯಿಂದ ಹಳೆಯ ಡೋಸ್ ತೆಗೆದುಕೊಳ್ಳುತ್ತಾನೆ, ಉಸಿರಾಟದ ಕೇಂದ್ರ ಮಾತ್ರ ಹೊಸಬನದ್ದಾಗಿದೆ. ಜೊತೆಗಿದ್ದವರು ಆಂಬುಲೆನ್ಸ್ ಕರೆದರೆ ನಲಾಕ್ಸೋನ್ ಸಿಗುತ್ತದೆ. ಅದು ಗ್ರಾಹಕದಿಂದ ಓಪಿಯಾಯ್ಡನ್ನು ತಳ್ಳಿ ತಾನು ಕೂರುವ ಔಷಧ. ಮೂಗಿಗೆ ಸಿಂಪಡಿಸಿದ ನಿಮಿಷಗಳಲ್ಲಿ ನೀಲಿಗಟ್ಟಿದ ತುಟಿ ಕೆಂಪಾಗುತ್ತದೆ. ಆದರೆ ಅದರ ಪ್ರಭಾವ ಇರುವುದು ಅರ್ಧ ತಾಸಿನಿಂದ ಒಂದೂವರೆ ತಾಸಿನವರೆಗೆ. ಒಳಗಿರುವ ಮಾದಕ ವಸ್ತು ಮೆಥಡೋನ್‌ನಂಥ ದೀರ್ಘಾವಧಿಯದ್ದಾದರೆ ನಲಾಕ್ಸೋನ್ ಇಳಿದ ಮೇಲೆ ಅದು ಮತ್ತೆ ಗ್ರಾಹಕವನ್ನು ಹಿಡಿಯುತ್ತದೆ. ಎದ್ದು ಕೂತವನನ್ನು ಎಮರ್ಜೆನ್ಸಿಯಲ್ಲಿ ಗಂಟೆಗಟ್ಟಲೆ ಉಳಿಸಿಕೊಳ್ಳುವುದು ಇದಕ್ಕೇ. ಪೊಲೀಸರು ಬಂದಾರೆಂಬ ಭಯದಿಂದ ಅವನು ಕೈಗೆ ಚುಚ್ಚಿದ ಸೂಜಿ ಕಿತ್ತುಕೊಂಡು ಹೊರಟುಬಿಡುವುದೂ ಉಂಟು.

ವಾಷಿಂಗ್ಟನ್ನಿನ ಸಾವುಗಳಲ್ಲಿ ಕೊಕೇನ್‌ನದ್ದೂ ದೊಡ್ಡ ಪಾಲಿತ್ತು. ಹೃದ್ರೋಗ, ಕೊಲೆ, ಆತ್ಮಹತ್ಯೆಗಳೂ ಇದ್ದವು. ಗ್ರಾಹಕಗಳ ಕಥೆ ಇವನ್ನೆಲ್ಲ ವಿವರಿಸಲಾರದು. ಉಳಿದದ್ದು ಕಾನೂನು ಮತ್ತು ಕಾಗದದ ಕಥೆ.

1973ರ ನವೆಂಬರ್‌ನಲ್ಲಿ ಟೆಕ್ಸಾಸ್‌ನ ಸೆರೆಮನೆಯೊಂದರಲ್ಲಿ ಲಾರಿಯಿಂದ ಹತ್ತಿ ಇಳಿಸುತ್ತಿದ್ದ ಜೆ.ಡಬ್ಲ್ಯು. ಗ್ಯಾಂಬಲ್ ಎಂಬ ಕೈದಿಯ ಮೇಲೆ ಒಂದು ಬೇಲ್ ಬಿತ್ತು. ಬೆನ್ನುನೋವಿನಿಂದ ಕೆಲಸ ಮಾಡಲಾರೆ ಎಂದದ್ದಕ್ಕೆ ಶಿಕ್ಷೆಯಾಯಿತು. ಅವನು ಬರೆದ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1976ರ ತೀರ್ಪಿನಲ್ಲಿ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್, ಕೈದಿಯ ಗಂಭೀರ ಕಾಯಿಲೆಯನ್ನು ಗೊತ್ತಿದ್ದೂ ಅಲಕ್ಷಿಸುವುದು ಸಂವಿಧಾನ ನಿಷೇಧಿಸಿದ ಕ್ರೂರ ಶಿಕ್ಷೆಗೆ ಸಮ ಎಂದರು. ಗ್ಯಾಂಬಲ್ ಕೊನೆಗೆ ತನ್ನ ಕೇಸು ಸೋತ, ದೇಶದ ಕೈದಿಗಳಿಗೆಲ್ಲ ಹಕ್ಕು ಸಿಕ್ಕಿತು. ಹೀಗಾಗಿ ಅಮೆರಿಕದಲ್ಲಿ ಚಿಕಿತ್ಸೆ ಪಡೆಯುವ ಸಾಂವಿಧಾನಿಕ ಹಕ್ಕು ಸೆರೆಯಲ್ಲಿರುವವರಿಗಿದೆ, ಸ್ವತಂತ್ರ ಪ್ರಜೆಗಿಲ್ಲ. ಗೇಟು ದಾಟಿದ ಕ್ಷಣ ಆ ಹಕ್ಕು ಮುಗಿಯಿತು.

ಹೊರಗಿನವರಿಗೆ ಇರುವುದು ಇನ್ನೊಂದು ಕಾನೂನು. 1986ರಲ್ಲಿ ಬಂದದ್ದು, ಎಮ್‌ಟಾಲಾ ಎಂದು ಅದರ ಹ್ರಸ್ವನಾಮ. ಎಮರ್ಜೆನ್ಸಿಗೆ ಬಂದ ಯಾರನ್ನೇ ಆಗಲಿ, ದುಡ್ಡಿದೆಯೇ ವಿಮೆಯಿದೆಯೇ ಎಂದು ಕೇಳದೆ ತಪಾಸಣೆ ಮಾಡಿ, ಪ್ರಾಣಾಪಾಯವಿದ್ದರೆ ಸ್ಥಿತಿ ಹತೋಟಿಗೆ ತರಬೇಕು. ದುಡ್ಡಿಲ್ಲದ ರೋಗಿಗಳನ್ನು ಖಾಸಗಿ ಆಸ್ಪತ್ರೆಗಳು ಆಂಬುಲೆನ್ಸಿನಲ್ಲಿ ಸರ್ಕಾರಿ ಆಸ್ಪತ್ರೆಗೆ ಸಾಗಹಾಕುತ್ತಿದ್ದುದನ್ನು ತಡೆಯಲು ಬಂದ ಕಾನೂನು ಇದು. ಕ್ಲಿನಿಕ್‌ಗಳಿಗೆ ಇದು ಅನ್ವಯಿಸುವುದಿಲ್ಲ. ಹೀಗೆ ಇಡೀ ವ್ಯವಸ್ಥೆಯಲ್ಲಿ ‘ಆಗಲ್ಲ, ಹೋಗು’ ಅನ್ನಲಾಗದ ಬಾಗಿಲು ಒಂದೇ ಉಳಿಯಿತು. ಅದರ ಮುಂದೆ ಸಾಲು ಬೆಳೆದರೆ ಆಶ್ಚರ್ಯಪಡುವುದರಲ್ಲಿ ಅರ್ಥವಿಲ್ಲ.

ವಿಮೆಯ ಗಂಟು ಇನ್ನೂ ಹಳೆಯದು. ಬಡವರಿಗೆ ಸರ್ಕಾರ ಕೊಡುವ ಮೆಡಿಕೇಡ್ ವಿಮೆ 1965ರಲ್ಲಿ ಹುಟ್ಟಿದಾಗಲೇ, ಸೆರೆಯಲ್ಲಿರುವವರ ಚಿಕಿತ್ಸೆಗೆ ಅದರ ಹಣ ಬಳಸುವಂತಿಲ್ಲ ಎಂದು ಬರೆಯಲಾಗಿತ್ತು. ಇದಕ್ಕೊಂದು ವಿನಾಯಿತಿಯಿದೆ: ಕೈದಿಯನ್ನು ಹೊರಗಿನ ಆಸ್ಪತ್ರೆಯಲ್ಲಿ 24 ಗಂಟೆಗಿಂತ ಹೆಚ್ಚು ಕಾಲ ಒಳರೋಗಿಯಾಗಿ ಇರಿಸಿಕೊಂಡರೆ ಮೆಡಿಕೇಡ್ ಕೊಡಬಹುದು. ಜೈಲಿನೊಳಗೆ ರಕ್ತದೊತ್ತಡದ ಗುಳಿಗೆಗೆ ಇಲ್ಲದ ದುಡ್ಡು ಪಾರ್ಶ್ವವಾಯು ಬಡಿದ ಮೇಲೆ ಬರುತ್ತದೆ! ಆ ಗುಳಿಗೆಯನ್ನು ಕೇಳಲು ಹೋಗುವುದಕ್ಕೂ ಹಲವು ರಾಜ್ಯಗಳಲ್ಲಿ ಕೈದಿ ಫೀಜು ತೆರಬೇಕು. ಒಂದು ಭೇಟಿಗೆ ಎರಡರಿಂದ ಐದು ಡಾಲರು, ಅವನ ಕೂಲಿಯಾದರೋ ಗಂಟೆಗೆ ಕೆಲವೇ ಸೆಂಟುಗಳು. ಕೌಂಟಿ ಜೈಲಿನಲ್ಲಿ ಚಿಕಿತ್ಸೆಯ ಖರ್ಚು ಸ್ಥಳೀಯ ಬಜೆಟ್ಟಿನ ಮೇಲೆ ಬೀಳುವುದರಿಂದ ಇನ್ನೊಂದು ಚಾಲಾಕಿಯೂ ನಡೆಯುತ್ತದೆ. ಅಲಬಾಮಾದ ಕೆಲವು ಜೈಲುಗಳು, ಕಾಯಿಲೆ ಉಲ್ಬಣಿಸಿದ ಕೈದಿಗಳನ್ನು ಆಸ್ಪತ್ರೆಯ ಬಿಲ್ ಬರುವ ಮೊದಲೇ ಜಾಮೀನಿನ ಮೇಲೆ ಬಿಟ್ಟು ಕೈತೊಳೆದುಕೊಂಡದ್ದನ್ನು ಪ್ರೊಪಬ್ಲಿಕಾ ಸುದ್ದಿಸಂಸ್ಥೆ 2019ರಲ್ಲಿ ಬಯಲಿಗೆಳೆಯಿತು. ಹಾಗೆ ‘ಬಿಡುಗಡೆ’ಯಾದವನು ಆಸ್ಪತ್ರೆಯ ಪುಸ್ತಕದಲ್ಲಿ ತಾನಾಗಿ ಬಂದ, ವಿಮೆಯಿಲ್ಲದ ರೋಗಿ.

ಬಿಡುಗಡೆಯ ದಿನವನ್ನು ಹತ್ತಿರದಿಂದ ನೋಡಿದರೆ ಉಳಿದದ್ದು ತಿಳಿಯುತ್ತದೆ. ಶಿಕ್ಷೆ ಮುಗಿಸುವವರ ಸೆರೆಮನೆಯಲ್ಲಿ ತಾರೀಕು ಮೊದಲೇ ಗೊತ್ತಿರುತ್ತದೆ. ಕೌಂಟಿ ಜೈಲಿನಲ್ಲಿ ಹಾಗಲ್ಲ. ಅಲ್ಲಿರುವ ಬಹುಪಾಲು ಮಂದಿ ವಿಚಾರಣಾಧೀನರು. ಜಾಮೀನು ಸಿಕ್ಕರೆ, ಆರೋಪ ಬಿದ್ದುಹೋದರೆ ಆ ರಾತ್ರಿಯೇ, ಬಸ್ಸಿಲ್ಲದ ಹೊತ್ತಿನಲ್ಲಿ ಬಿಡುತ್ತಾರೆ. ಬಟ್ಟೆ, ಪರ್ಸು, ಚಾರ್ಜ್ ಮುಗಿದ ಫೋನು ಇರುವ ಪ್ಲಾಸ್ಟಿಕ್ ಚೀಲ ಕೈಗೆ ಕೊಡುತ್ತಾರೆ. ಗುಳಿಗೆಗಳು ಜೈಲಿನ ಔಷಧಾಲಯದಲ್ಲೇ ಉಳಿದಿರುತ್ತವೆ. ಅದರ ನರ್ಸ್ ಬರುವುದು ಬೆಳಗಾದ ಮೇಲೆ. ಒಳಗಿದ್ದಷ್ಟು ದಿನ ಕಿಟಕಿಯ ಮುಂದೆ ಸಾಲು ನಿಂತು, ಕೊಟ್ಟದ್ದನ್ನು ಅಲ್ಲೇ ನುಂಗಿ, ಬಾಯಿ ತೆರೆದು ತೋರಿಸಿ ಬಂದವನಿಗೆ ತನ್ನ ಔಷಧದ ಹೆಸರೇ ತಿಳಿದಿರುವುದಿಲ್ಲ. ಬೆಳಿಗ್ಗೆ ಎರಡು ಬಿಳಿ, ರಾತ್ರಿ ಒಂದು ಹಳದಿ, ಅಷ್ಟೇ ಗೊತ್ತು. ಗುರುತಿನ ಚೀಟಿ ಕಳೆದಿರುತ್ತದೆ, ಅದಿಲ್ಲದೆ ಮೆಡಿಕೇಡ್ ಮತ್ತೆ ಶುರುವಾಗದು. ಪೆರೋಲ್ ಅಧಿಕಾರಿ ಕರೆದ ಹೊತ್ತಿಗೇ ಕ್ಲಿನಿಕ್ಕಿನ ಸರದಿಯೂ ಬಂದರೆ ಅವನು ಎಲ್ಲಿಗೆ ಹೋಗುತ್ತಾನೆ? ಅಧಿಕಾರಿಯ ಮುಂದೆ ಹಾಜರಾಗದಿದ್ದರೆ ಮತ್ತೆ ಜೈಲು; ಕ್ಲಿನಿಕ್ ತಪ್ಪಿಸಿದರೆ ಸದ್ಯಕ್ಕೇನೂ ಆಗುವುದಿಲ್ಲ. ಇನ್ಸುಲಿನ್ ಮುಗಿದ ಮಧುಮೇಹಿಗೆ ಆ ‘ಸದ್ಯ’ ಎರಡು ಮೂರು ದಿನದ್ದು.

ಯೇಲ್ ವಿಶ್ವವಿದ್ಯಾಲಯದ ಎಮಿಲಿ ವಾಂಗ್ ಮತ್ತು ಸಂಗಡಿಗರು 2013ರಲ್ಲಿ ಇದರ ಅಳತೆ ಕೊಟ್ಟರು. ವೃದ್ಧರಿಗೂ ಅಂಗವಿಕಲರಿಗೂ ಇರುವ ಮೆಡಿಕೇರ್ ವಿಮೆಯ ದಾಖಲೆಯಲ್ಲಿ 2002ರಿಂದ 2010ರ ನಡುವೆ ಬಿಡುಗಡೆಯಾದ 1,10,419 ಮಂದಿಯನ್ನು ಹುಡುಕಿ ತೆಗೆದರು. ಎಪ್ಪತ್ತು ಮಂದಿಗೊಬ್ಬರು ಹೊರಬಂದ ಏಳು ದಿನದೊಳಗೆ ಆಸ್ಪತ್ರೆ ಸೇರಿದ್ದರು, 90 ದಿನದೊಳಗೆ ಹನ್ನೆರಡು ಮಂದಿಗೊಬ್ಬರು. ಅದೇ ವಯಸ್ಸಿನ, ಅದೇ ಬಡಾವಣೆಯ, ಜೈಲು ಕಾಣದವರ ಜೊತೆ ಹೋಲಿಸಿದರೆ ಅಂತರ ಮೊದಲ ವಾರದಲ್ಲೇ ಅತಿ ಹೆಚ್ಚು, ಆಮೇಲೆ ಇಳಿಮುಖ. ವಾಷಿಂಗ್ಟನ್ನಿನ ಸಾವಿನ ಲೆಕ್ಕದಲ್ಲಿ ಕಂಡ ಆಕಾರವೇ ಇಲ್ಲೂ ಇದೆ.

ಇದನ್ನೆಲ್ಲ ಅಮೆರಿಕದ ವಿಚಿತ್ರ ಎಂದು ಬದಿಗಿಡುವಂತಿಲ್ಲ. ಇಂಗ್ಲೆಂಡಿನಲ್ಲಿ ವಿಮೆಯ ತಕರಾರಿಲ್ಲ, ಕೈದಿಗಳೂ ರಾಷ್ಟ್ರೀಯ ಆರೋಗ್ಯ ಸೇವೆಯ ರೋಗಿಗಳೇ. ಆದರೂ ಕೈದಿಗಳಿಗೆ ಗೊತ್ತುಮಾಡಿದ ಹತ್ತರಲ್ಲಿ ನಾಲ್ಕು ಆಸ್ಪತ್ರೆ ಭೇಟಿಗಳು ನಡೆಯುವುದೇ ಇಲ್ಲ ಎಂದು ಆರೋಗ್ಯ ಸಂಶೋಧನಾ ಸಂಸ್ಥೆ ನಫೀಲ್ಡ್ ಟ್ರಸ್ಟ್ 2020ರಲ್ಲಿ ತೋರಿಸಿತು. ಒಯ್ಯಲು ಸಿಬ್ಬಂದಿಯ ಕೊರತೆ ಮುಖ್ಯ ಕಾರಣಗಳಲ್ಲೊಂದು. ನಮ್ಮ ಜೈಲುಗಳಲ್ಲೂ ‘ಎಸ್ಕಾರ್ಟ್ ಸಿಗಲಿಲ್ಲ’ ಎನ್ನುವುದು ನಿತ್ಯದ ಮಾತು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್‌ನ ಸುರೇಶ್ ಬಡಾ ಮಠ್ ಮತ್ತು ತಂಡ 5,024 ಬಂದಿಗಳನ್ನು ಸಂದರ್ಶಿಸಿ 2011ರಲ್ಲಿ ವರದಿ ಕೊಟ್ಟಿತು. ಮಾನಸಿಕ ಕಾಯಿಲೆ ಅಥವಾ ವ್ಯಸನ, ಎರಡರಲ್ಲೊಂದು ಇದ್ದವರು ಶೇ. 79.6. ವ್ಯಸನವನ್ನು ಕೈಬಿಟ್ಟರೂ ಶೇ. 27.6. ಬಿಡುಗಡೆಯಾದ ಮೇಲೆ ಇವರು ಯಾವ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಎಷ್ಟು ದಿನದಲ್ಲಿ ಬರುತ್ತಾರೆಂದು ಎಣಿಸಬೇಕಾದರೆ ಪರಪ್ಪನ ಅಗ್ರಹಾರದ ಆ ಜೈಲಿನ ಪಟ್ಟಿ ಆಸ್ಪತ್ರೆಯ ಪಟ್ಟಿಯ ಜೊತೆ ಮಾತಾಡಬೇಕು. ಅಮೆರಿಕದವರು ಜಗಳವಾಡಿಯಾದರೂ ಆ ಎರಡು ಪಟ್ಟಿಗಳನ್ನು ಒಂದೇ ಮೇಜಿಗೆ ತಂದರು.

ಏನು ಮಾಡಿದರೆ ಈ ಓಡಾಟ ತಗ್ಗುತ್ತದೆ? ವಿಜ್ಞಾನ ಇಲ್ಲಿ ಒಮ್ಮೆ ಚೆನ್ನಾಗಿಯೇ ಎಡವಿತು. ನ್ಯೂಜೆರ್ಸಿಯ ಬಡ ನಗರ ಕ್ಯಾಮ್ಡೆನ್‌ನಲ್ಲಿ ಜೆಫ್ರಿ ಬ್ರೆನ್ನರ್ ಎಂಬ ವೈದ್ಯರು, ಕೆಲವೇ ರೋಗಿಗಳು ಆಸ್ಪತ್ರೆಯ ವೆಚ್ಚದ ಬಹುಪಾಲು ನುಂಗುತ್ತಾರೆ ಎಂದು ಗುರುತಿಸಿದರು. ಅಂಥ ರೋಗಿಗಳಿಗೆ ನರ್ಸು, ಸಮಾಜ ಕಾರ್ಯಕರ್ತರ ತಂಡ ಜೊತೆಮಾಡಿದರೆ ಭೇಟಿಗಳು ತಗ್ಗುತ್ತವೆ ಎಂದರು. ತಗ್ಗಿದವು ಕೂಡ. ಅತುಲ್ ಗವಾಂಡೆ 2011ರಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಬರೆದ ಮೇಲೆ ಕ್ಯಾಮ್ಡೆನ್ ಮಾದರಿ ದೇಶಕ್ಕೆಲ್ಲ ಹಬ್ಬಿತು. ಮುಂದೆ ಆ ತಂಡವೇ ಧೈರ್ಯಮಾಡಿ ಅರ್ಥಶಾಸ್ತ್ರಜ್ಞೆ ಏಮಿ ಫಿಂಕೆಲ್‌ಸ್ಟೀನ್ ಮತ್ತು ಸಂಗಡಿಗರನ್ನು ಕರೆದು ಪರೀಕ್ಷೆಗೊಡ್ಡಿಕೊಂಡಿತು. 800 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 2020ರಲ್ಲಿ ಫಲಿತಾಂಶ ಬಂತು: ಆರು ತಿಂಗಳಲ್ಲಿ ಮತ್ತೆ ಆಸ್ಪತ್ರೆ ಸೇರಿದವರು ನೆರವು ಪಡೆದ ಗುಂಪಿನಲ್ಲಿ ಶೇ. 62.3, ಪಡೆಯದ ಗುಂಪಿನಲ್ಲಿ ಶೇ. 61.7. ಎರಡೂ ಗುಂಪಿನಲ್ಲಿ ಭೇಟಿಗಳು ತಮ್ಮಷ್ಟಕ್ಕೆ ಇಳಿದಿದ್ದವು.

ಮಗುವಿಗೆ ಜ್ವರ ನೆತ್ತಿಗೇರಿದ ರಾತ್ರಿಯೇ ಅಲ್ಲವೇ ನಾವು ತಾಯತ ಕಟ್ಟಿಸುವುದು? ಬೆಳಿಗ್ಗೆ ಜ್ವರ ಇಳಿದರೆ ಕೀರ್ತಿ ತಾಯತಕ್ಕೆ. ಯಾರನ್ನೇ ಆಗಲಿ ಅವರ ಅತಿ ಕೆಟ್ಟ ತಿಂಗಳಿನಲ್ಲಿ ಆರಿಸಿಕೊಂಡರೆ ಮುಂದಿನ ತಿಂಗಳುಗಳು ಸರಾಸರಿಯ ಕಡೆಗೇ ವಾಲುತ್ತವೆ. ಎಮರ್ಜೆನ್ಸಿಗೆ ವರ್ಷಕ್ಕೆ ಹತ್ತು ಸಲ ಬಂದವರಲ್ಲಿ ಅನೇಕರು ಮರುವರ್ಷ ಅಷ್ಟು ಬರುವುದಿಲ್ಲ, ನಾವೇನೂ ಮಾಡದಿದ್ದರೂ. ‘ನಮ್ಮ ಯೋಜನೆಯಿಂದ ಭೇಟಿ ಅರ್ಧಕ್ಕಿಳಿಯಿತು’ ಎಂಬ ವರದಿಗಳನ್ನು ಓದುವಾಗ ಹೋಲಿಕೆಯ ಗುಂಪು ಎಲ್ಲಿದೆ ಎಂದು ಮೊದಲು ಹುಡುಕುವುದು ಕ್ಯಾಮ್ಡೆನ್ ಕಲಿಸಿದ ಅಭ್ಯಾಸ.

ಆ ಜರಡಿಯಲ್ಲಿ ಉಳಿದ ಕೆಲವಿವೆ. ಎಮಿಲಿ ವಾಂಗ್ ಮತ್ತು ಶೀರಾ ಶಾವಿಟ್ 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟ್ರಾನ್ಸಿಷನ್ಸ್ ಕ್ಲಿನಿಕ್ ತೆರೆದರು. ಹೊಸದಾಗಿ ಹೊರಬಂದವರಿಗೆಂದೇ ಇರುವ ಆ ಕ್ಲಿನಿಕ್ಕಿನ ಆರೋಗ್ಯ ಕಾರ್ಯಕರ್ತರು ಸ್ವತಃ ಜೈಲಿನಲ್ಲಿದ್ದು ಬಂದವರು. ಪೆರೋಲ್ ಅಧಿಕಾರಿಗೆ ಫೋನ್ ಮಾಡುವುದು, ಗುರುತಿನ ಚೀಟಿಗೆ ಅರ್ಜಿ ತುಂಬಿಸುವುದು, ಔಷಧದಂಗಡಿಯವರೆಗೆ ಜೊತೆಗೆ ನಡೆಯುವುದು ಅವರ ಕೆಲಸ. 2012ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗದಲ್ಲಿ 200 ಮಂದಿ ಇದ್ದರು. ಅರ್ಧ ಮಂದಿಗೆ ಈ ಕ್ಲಿನಿಕ್, ಉಳಿದವರಿಗೆ ಬೇರೊಂದು ಸಾಮಾನ್ಯ ಕ್ಲಿನಿಕ್ಕಿನಲ್ಲಿ ಬೇಗನೆ ಸರದಿ. ಎರಡೂ ಕಡೆಯವರು ಕ್ಲಿನಿಕ್ಕಿಗೆ ಹೋದದ್ದು ಹೆಚ್ಚುಕಡಿಮೆ ಅಷ್ಟಷ್ಟೇ. ಎಮರ್ಜೆನ್ಸಿ ಭೇಟಿ ಮಾತ್ರ ಮೊದಲ ಗುಂಪಿನಲ್ಲಿ ಅರ್ಧದಷ್ಟಿತ್ತು. ಪ್ರಯೋಗ ಚಿಕ್ಕದು, ಒಂದೇ ಊರಿನದ್ದು. ಆದರೂ ನನಗೆ ಇದರಲ್ಲಿ ಹಿಡಿಸಿದ್ದು, ಡಾಕ್ಟರು ಸಿಕ್ಕಿದ್ದರಿಂದಲೇ ವ್ಯತ್ಯಾಸವಾಗಲಿಲ್ಲ ಎಂಬುದು. ಡಾಕ್ಟರು ಇಬ್ಬರಿಗೂ ಸಿಕ್ಕಿದ್ದರು. ವ್ಯತ್ಯಾಸ ಮಾಡಿದ್ದು, ಪಕ್ಕದಲ್ಲಿ ನಿಂತು ಕಾಗದದ ಗಂಟು ಬಿಡಿಸಿದವರು ಎಂದೇ ನನ್ನ ಅನಿಸಿಕೆ.

ಡೆನ್ವರ್ ನಗರ ಇನ್ನೂ ದೊಡ್ಡ ಪಂಥ ಕಟ್ಟಿತು. ಮೂರು ವರ್ಷದಲ್ಲಿ ಕನಿಷ್ಠ ಎಂಟು ಸಲ ಬಂಧನಕ್ಕೊಳಗಾದ, ಮನೆಯಿಲ್ಲದವರನ್ನು ಆಯ್ದು, ಲಾಟರಿ ಮೂಲಕ ಕೆಲವರಿಗೆ ಬಾಡಿಗೆ ಮನೆ ಮತ್ತು ನೆರವಿನ ಸಿಬ್ಬಂದಿಯನ್ನು ಕೊಟ್ಟಿತು. ಕುಡಿತ ಬಿಡಬೇಕೆಂಬ ಷರತ್ತಿಲ್ಲ. ಮನೆ ಸಿಕ್ಕವರಲ್ಲಿ ಪೊಲೀಸರ ಸಂಪರ್ಕ ಶೇ. 34ರಷ್ಟು, ಬಂಧನ ಶೇ. 40ರಷ್ಟು ತಗ್ಗಿತು. ಎರಡು ವರ್ಷದಲ್ಲಿ ತಲಾ ಆರು ಎಮರ್ಜೆನ್ಸಿ ಭೇಟಿ ಕಡಿಮೆ, ಮನೋವೈದ್ಯರ ಕ್ಲಿನಿಕ್ ಭೇಟಿ ತಲಾ ಎಂಟು ಜಾಸ್ತಿ. ಮನೆಯ ಖರ್ಚು ಪೂರ್ತಿ ಹುಟ್ಟಲಿಲ್ಲ. ಸುಮಾರು ಅರ್ಧದಷ್ಟು ಮಾತ್ರ ಜೈಲು, ಆಸ್ಪತ್ರೆ ಮುಂತಾದ ಉಳಿತಾಯದಿಂದ ವಾಪಸ್ ಬಂತು. ಇಂಥ ಯೋಜನೆಗಳನ್ನು ಮಾರುವವರು ‘ದುಡ್ಡು ಉಳಿಯುತ್ತದೆ’ ಎಂದೇ ಮಾರುತ್ತಾರೆ. ಅರ್ಧ ಬೆಲೆಗೆ ಮನೆ ಕೊಟ್ಟಂತಾಯಿತು ಎನ್ನುವುದು ಹೆಚ್ಚು ಪ್ರಾಮಾಣಿಕವಾದ ಮಾತು, ಅದೇನೂ ನಾಚಿಕೆಪಡುವ ಸಂಗತಿಯಲ್ಲ.

ಓಪಿಯಾಯ್ಡ್ ವಿಷಯದಲ್ಲಿ ಉತ್ತರ ಇನ್ನೂ ನೇರವಾಗಿದೆ. ಗ್ರಾಹಕಗಳು ಖಾಲಿ ಉಳಿದದ್ದರಿಂದ ಅಪಾಯವಾದರೆ ಖಾಲಿ ಬಿಡದಿದ್ದರಾಯಿತು. ಮೆಥಡೋನ್, ಬ್ಯುಪ್ರೆನಾರ್ಫಿನ್ ಎಂಬ ಔಷಧಗಳು ಅದೇ ಗ್ರಾಹಕಗಳಲ್ಲಿ ಕೂತು ಚಡಪಡಿಕೆ ತಣಿಸುತ್ತವೆ, ಡೋಸ್ ತಡೆದುಕೊಳ್ಳುವ ದೇಹದ ಸಹನೆಯನ್ನೂ ಉಳಿಸುತ್ತವೆ. ರೋಡ್ ಐಲ್ಯಾಂಡ್ ರಾಜ್ಯದಲ್ಲಿ ಜೈಲು, ಸೆರೆಮನೆ ಎಲ್ಲ ಒಂದೇ ಇಲಾಖೆಯ ಕೈಯಲ್ಲಿವೆ. 2016ರಲ್ಲಿ ಅಲ್ಲಿ ವ್ಯಸನದ ಔಷಧಗಳನ್ನು ಒಳಗೇ ಕೊಡಲು, ಬಿಡುಗಡೆಯಾದ ಮೇಲೆ ಹೊರಗಿನ ಕೇಂದ್ರದಲ್ಲಿ ಮುಂದುವರಿಸಲು ಶುರುಮಾಡಿದರು. 2016ರ ಮೊದಲ ಆರು ತಿಂಗಳಲ್ಲಿ ಅತಿಸೇವನೆಯಿಂದ ಸತ್ತ 179 ಮಂದಿಯಲ್ಲಿ 26 ಮಂದಿ ಹೊಸದಾಗಿ ಜೈಲಿನಿಂದ ಬಂದವರು. ಮರುವರ್ಷ ಅದೇ ಅವಧಿಯಲ್ಲಿ 157ರಲ್ಲಿ 9. ಇದು ಲಾಟರಿ ಪ್ರಯೋಗವಲ್ಲ, ಅಂಕಿಗಳೂ ಚಿಕ್ಕವು. ಹಾಗಿದ್ದೂ ಔಷಧ ಕೆಲಸ ಮಾಡುವ ಬಗೆ ನಮಗೆ ತಿಳಿದಿರುವುದರಿಂದ ಈ ಇಳಿಕೆಯನ್ನು ನಂಬುವುದು ಸುಲಭ.

ಎಮರ್ಜೆನ್ಸಿಯೂ ಇಲ್ಲಿ ಸುಮ್ಮನೆ ಕೂರಬೇಕಾಗಿಲ್ಲ. ಯೇಲ್‌ನ ಗೇಲ್ ಡೊನೋಫ್ರಿಯೊ ತಂಡ 2015ರಲ್ಲಿ ತೋರಿಸಿದ್ದು ಇದು: ವ್ಯಸನಿಯ ಕೈಗೆ ಚಿಕಿತ್ಸಾ ಕೇಂದ್ರದ ವಿಳಾಸ ಕೊಟ್ಟು ಕಳಿಸಿದರೆ ತಿಂಗಳ ನಂತರ ಚಿಕಿತ್ಸೆಯಲ್ಲಿ ಇದ್ದವರು ಶೇ. 37, ಎಮರ್ಜೆನ್ಸಿಯಲ್ಲೇ ಬ್ಯುಪ್ರೆನಾರ್ಫಿನ್ ಶುರುಮಾಡಿ ಕಳಿಸಿದರೆ ಶೇ. 78. ಎಮರ್ಜೆನ್ಸಿ ಭೇಟಿ ತಗ್ಗಿಸುವುದೇ ಗುರಿ ಎಂದು ಕೂತವರು ಈ ಅಂಕಿಯ ಮುಂದೆ ಸ್ವಲ್ಪ ಯೋಚಿಸಬೇಕಾಗುತ್ತದೆ. ಕೆಲವು ಭೇಟಿಗಳು ಆಗಲೇಬೇಕಾದವು.

1965ರ ಮೆಡಿಕೇಡ್ ಗಂಟು ಸಡಿಲವಾಗಲು ಐವತ್ತೆಂಟು ವರ್ಷ ಹಿಡಿಯಿತು. 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಮೊದಲ ಅನುಮತಿ ಸಿಕ್ಕಿತು. ಬಿಡುಗಡೆಗೆ ಮುಂಚಿನ 90 ದಿನಗಳಲ್ಲಿ ಜೈಲಿನೊಳಗಿನ ಕೆಲವು ಸೇವೆಗಳಿಗೆ ಮೆಡಿಕೇಡ್ ಹಣ ಬಳಸಬಹುದು. ಅದೇ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಉಳಿದ ರಾಜ್ಯಗಳಿಗೂ ನಿಯಮ ಬರೆದು ಕಳಿಸಿತು. ಕಡ್ಡಾಯವಾಗಿ ಕೊಡಲೇಬೇಕಾದದ್ದು ಮೂರು: ಒಳಗಿನಿಂದ ಹೊರಗಿನವರೆಗೆ ಜೊತೆಗಿರುವ ಒಬ್ಬ ಸಂಯೋಜಕ, ವ್ಯಸನಕ್ಕೆ ಔಷಧ, ಮತ್ತು ಗೇಟಿನಲ್ಲಿ ಕೈಗಿಡಬೇಕಾದ 30 ದಿನದ ಗುಳಿಗೆಗಳು. ತಾರೀಕು ಗೊತ್ತಿರುವ ಸೆರೆಮನೆಯಲ್ಲಿ ಇದನ್ನು ಮಾಡಬಹುದು. ಸರಿರಾತ್ರಿ ಜಾಮೀನಾಗುವ ಕೌಂಟಿ ಜೈಲಿನಲ್ಲಿ ಆ 30 ದಿನದ ಪೊಟ್ಟಣ ಕಟ್ಟಿಕೊಡಲು ಔಷಧಾಲಯದವರೊಬ್ಬರು ಎಚ್ಚರವಿರಬೇಕು, ಅವರ ರಾತ್ರಿಪಾಳಿಯ ಸಂಬಳವನ್ನು ಯಾರಾದರೂ ಕೊಡಬೇಕು.